ಮಾಟಗಾತಿ ಎಂಬ ಒಂದೇ ಪದ, ಮೂರು ಬೇರೆ ಕಥೆ

ಪ್ರತಿ ವರ್ಷ ಜೂನ್ 21ರ ಸುಮಾರಿಗೆ ಒಂದು ಫೋಟೋ ನಮ್ಮ ಮೊಬೈಲ್‌ಗೂ ಬಂದು ಸೇರುತ್ತದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಭಾರಿ ಕಲ್ಲುಗಳು, ಅವುಗಳ ನಡುವೆ ಹುಟ್ಟುವ ಸೂರ್ಯ, ಬಿಳಿ ನಿಲುವಂಗಿ ತೊಟ್ಟು ಕೈ ಮೇಲೆತ್ತಿ ನಿಂತ ಜನ. ಅಕ್ಟೋಬರ್ ಕೊನೆಗೆ ಇನ್ನೊಂದು ಬಗೆಯ ಸುದ್ದಿ ಬರುತ್ತದೆ: ಮೇಣದಬತ್ತಿ, ಕಪ್ಪು ಬಟ್ಟೆ, 'ಆಧುನಿಕ ಮಾಟಗಾತಿಯರ ಹಬ್ಬ'. ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಗಂಭೀರವಾದ ಸುದ್ದಿಗಳೂ ಬಂದಿವೆ. 2022ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ಸರ್ಕಾರ ಮಾಟಗಾತಿಯರ ಕ್ಷಮೆ ಕೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿ ಲೆಕ್ಕ ಹೊರಬಿತ್ತು. 74,000 ಜನ ತಮ್ಮ ಧರ್ಮ 'ಪೇಗನ್' ಎಂದೂ 13,000 ಜನ 'ವಿಕ್ಕಾ' ಎಂದೂ ಬರೆಸಿದ್ದರು. 2024ರ ಡಿಸೆಂಬರ್‌ನಲ್ಲಿ ಲಿಥುವೇನಿಯಾದ ಸಂಸತ್ತು ರೋಮುವಾ ಎಂಬ ಪೇಗನ್ ಪಂಥಕ್ಕೆ ಸರ್ಕಾರಿ ಮಾನ್ಯತೆ ಕೊಟ್ಟಿತು.

ಇದನ್ನೆಲ್ಲ ಒಟ್ಟಿಗೆ ಓದಿದವರಿಗೆ ತಲೆ ಗಿರ್ ಅನ್ನುವುದು ಸಹಜ. ಕ್ಷಮೆ ಕೇಳಿದ್ದು ಯಾರಿಗೆ? ಜನಗಣತಿಯಲ್ಲಿ ಹೆಸರು ಬರೆಸಿದವರಿಗಾ? ಇವರು ಸೈತಾನನ ಪೂಜೆ ಮಾಡುತ್ತಾರಾ? ಮಾಟ ಮಾಡಿಸುವುದನ್ನು ಒಂದು ಧರ್ಮ ಅಂತ ಸರ್ಕಾರ ಒಪ್ಪಿಕೊಳ್ಳುತ್ತದಾ? ನಮ್ಮ ಜಾರ್ಖಂಡ್, ಅಸ್ಸಾಂಗಳಲ್ಲಿ ಮಾಟಗಾತಿ ಎಂದು ಹೆಂಗಸರನ್ನು ಹೊಡೆದು ಕೊಲ್ಲುವ ಸುದ್ದಿಗೂ ಇದಕ್ಕೂ ಏನು ಸಂಬಂಧ?

ಗೊಂದಲಕ್ಕೆ ಮೊದಲ ಕಾರಣ ನಮ್ಮ ಅನುವಾದದಲ್ಲೇ ಇದೆ. ಇಂಗ್ಲಿಷಿನ 'ವಿಚ್' ಎಲ್ಲಿ ಕಂಡರೂ ನಾವು 'ಮಾಟಗಾತಿ' ಎಂದು ಬರೆಯುತ್ತೇವೆ. ಆ ಒಂದು ಪದದ ಕೆಳಗೆ ಮೂರು ಬೇರೆ ಬೇರೆ ಜನ ಬಂದು ಕೂತಿದ್ದಾರೆ. ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ಸುಳ್ಳು ಆರೋಪಕ್ಕೆ ಸತ್ತವರು ಒಂದು ಕಡೆ. ಇವತ್ತು ತಾವಾಗಿಯೇ ವಿಕ್ಕಾ ಧರ್ಮವನ್ನು ಆರಿಸಿಕೊಂಡವರು ಇನ್ನೊಂದು ಕಡೆ. ಇವತ್ತೂ ನಮ್ಮ ದೇಶದ ಹಳ್ಳಿಗಳಲ್ಲಿ ಆ ಹೆಸರು ಹೊತ್ತು ನರಳುತ್ತಿರುವ ಹೆಂಗಸರು ಮತ್ತೊಂದು ಕಡೆ. ಈ ಮೂವರನ್ನು ಬಿಡಿಸಿ ನೋಡಿದರೆ ಉಳಿದ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಪೇಗನ್ ಯಾರು, ವಿಕ್ಕಾ ಯಾವುದು

ಪೇಗನ್ ಎಂಬುದು ಲ್ಯಾಟಿನ್ ಮೂಲದ ಪದ. ಅದಕ್ಕೆ 'ಹಳ್ಳಿಯವನು' ಎಂಬ ಅರ್ಥವಿತ್ತು. ರೋಮ್ ಸಾಮ್ರಾಜ್ಯ ಕ್ರೈಸ್ತ ಧರ್ಮಕ್ಕೆ ತಿರುಗಿದ ಕಾಲದಲ್ಲಿ, ಇನ್ನೂ ಹಳೆಯ ದೇವರುಗಳನ್ನು ಪೂಜಿಸುತ್ತಿದ್ದವರನ್ನು ಕ್ರೈಸ್ತರು ಹೀಗೆ ಕರೆದರು. ಅದರಲ್ಲಿ ಕೀಳಾಗಿ ಕಾಣುವ ಧ್ವನಿ ಇತ್ತು. ಯಾವ ಪೇಗನ್ನನೂ ಆಗ ತನ್ನನ್ನು ಪೇಗನ್ ಅಂತ ಕರೆದುಕೊಳ್ಳುತ್ತಿರಲಿಲ್ಲ. ಮುಂದೆ ಭಾರತಕ್ಕೆ ಬಂದ ಮಿಷನರಿಗಳು ನಮ್ಮ ಜನರಿಗೂ ಇದೇ ಹಣೆಪಟ್ಟಿ ಹಚ್ಚಿದರು. ಇಪ್ಪತ್ತನೇ ಶತಮಾನದಲ್ಲಿ ಯುರೋಪು, ಅಮೆರಿಕದ ಕೆಲವರು ಅದೇ ಬೈಗುಳವನ್ನು ಎತ್ತಿಕೊಂಡು ಹೆಮ್ಮೆಯಿಂದ ಹೆಸರಾಗಿ ಇಟ್ಟುಕೊಂಡರು.

ಹಾಗಾಗಿ ಪೇಗನ್ ಎಂದರೆ ಒಂದು ಧರ್ಮವಲ್ಲ, ಒಂದು ದೊಡ್ಡ ಚಪ್ಪರ. ಅದರ ಕೆಳಗೆ ಹಳೆಯ ಕೆಲ್ಟಿಕ್ ಪುರೋಹಿತರ ಹೆಸರು ಹೊತ್ತ ಡ್ರೂಯಿಡ್‌ಗಳಿದ್ದಾರೆ. ಥೋರ್, ಓಡಿನ್ ಮೊದಲಾದ ಉತ್ತರ ಯುರೋಪಿನ ದೇವರುಗಳನ್ನು ಪೂಜಿಸುವ ಹೀದನ್‌ಗಳಿದ್ದಾರೆ. ಲಿಥುವೇನಿಯಾದ ರೋಮುವಾದವರಿದ್ದಾರೆ. ಯಾವ ಗುಂಪಿಗೂ ಸೇರದೆ ಮನೆಯಲ್ಲೇ ಒಬ್ಬರೇ ಹುಣ್ಣಿಮೆಗೆ ದೀಪ ಹಚ್ಚುವವರಂತೂ ಜಾಸ್ತಿ. ವಿಕ್ಕಾ ಈ ಚಪ್ಪರದ ಕೆಳಗಿನ ಒಂದು ಪಂಥ, ಹೊರಗಿನವರಿಗೆ ಹೆಚ್ಚು ಗೊತ್ತಿರುವ ಪಂಥ.

ಜನಗಣತಿಯ ಅಂಕಿಯನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. ಇಂಗ್ಲೆಂಡಿನ ಫಾರಂನಲ್ಲಿ ಪೇಗನ್ ಅಥವಾ ವಿಕ್ಕಾ ಅಂತ ಟಿಕ್ ಮಾಡಲು ಚೌಕ ಇರಲಿಲ್ಲ. 'ಬೇರೆ ಧರ್ಮ' ಎಂಬ ಖಾಲಿ ಜಾಗದಲ್ಲಿ ಅವರೇ ಬರೆಯಬೇಕಿತ್ತು. ಧರ್ಮದ ಪ್ರಶ್ನೆಗೆ ಉತ್ತರಿಸುವುದೇ ಕಡ್ಡಾಯವಲ್ಲ. 2011ರ ಗಣತಿಯ ಹೊತ್ತಿಗೆ ಕೆಲವು ಪೇಗನ್ನರು ಒಂದು ಅಭಿಯಾನವನ್ನೇ ಮಾಡಿದ್ದರು: ಮೊದಲು 'ಪೇಗನ್' ಎಂದು ಬರೆಯಿರಿ, ಒಂದು ಗೆರೆ ಎಳೆದು ನಿಮ್ಮ ಪಂಥದ ಹೆಸರು ಬರೆಯಿರಿ, ಆಗ ಎಲ್ಲರೂ ಒಂದೇ ಲೆಕ್ಕಕ್ಕೆ ಬರುತ್ತೇವೆ ಎಂದು. ಆ ವರ್ಷ ಸುಮಾರು 57,000 ಜನ ಪೇಗನ್ ಎಂದಿದ್ದರು. ಹತ್ತು ವರ್ಷದಲ್ಲಿ ಅದು 74,000 ಆಯಿತು. ಅಲ್ಲಿನ ಜೈನರ ಸಂಖ್ಯೆ 25,000. ಅಂದರೆ ಪೇಗನ್ ಎಂದು ಬರೆಸಿದವರು ಜೈನರ ಮೂರು ಪಟ್ಟು. ಆದರೆ ಸುಮಾರು 6 ಕೋಟಿ ಜನರ ನಡುವೆ ಇದು ಸಣ್ಣ ಸಂಖ್ಯೆಯೇ. 'ಬ್ರಿಟನ್ ಪೇಗನ್ ಆಗುತ್ತಿದೆ' ಎಂಬ ತಲೆಬರಹಕ್ಕೆ ಇದು ಆಧಾರವಾಗುವುದಿಲ್ಲ. ಆ ಗಣತಿಯ ದೊಡ್ಡ ಸುದ್ದಿ ಬೇರೆ ಇತ್ತು. ಕ್ರೈಸ್ತರ ಪಾಲು ಮೊದಲ ಸಲ ಅರ್ಧಕ್ಕಿಂತ ಕೆಳಗೆ, 46.2 ಶೇಕಡಾಕ್ಕೆ ಇಳಿದಿತ್ತು. 'ಯಾವ ಧರ್ಮವೂ ಇಲ್ಲ' ಎಂದವರು 37.2 ಶೇಕಡಾ ಇದ್ದರು.

ಎಷ್ಟು ಹಳೆಯದು ಎಂಬ ಜಗಳ

ವಿಕ್ಕಾ ಬಗ್ಗೆ ಜನ ಮೊದಲು ಕೇಳುವ ಪ್ರಶ್ನೆ ಇದೇ. ಸಾವಿರಾರು ವರ್ಷ ಹಳೆಯದಂತೆ, ಹೌದಾ? ಇದಕ್ಕೆ ಉತ್ತರ ಹುಡುಕಲು ಕೋಲ್ಕತ್ತದಿಂದ ಶುರು ಮಾಡಬೇಕು.

1863ರಲ್ಲಿ ಆಗಿನ ಕಲ್ಕತ್ತಾದಲ್ಲಿ ಮಾರ್ಗರೆಟ್ ಮರ್ರೆ ಹುಟ್ಟಿದರು. ದೊಡ್ಡವರಾಗಿ ಲಂಡನ್ನಿನಲ್ಲಿ ಈಜಿಪ್ಟಿನ ಪ್ರಾಚೀನ ಇತಿಹಾಸದ ವಿದ್ವಾಂಸರಾಗಿ ಹೆಸರು ಮಾಡಿದರು. 1921ರಲ್ಲಿ ಅವರೊಂದು ಪುಸ್ತಕ ಬರೆದರು. ಯುರೋಪಿನಲ್ಲಿ ಮಾಟಗಾತಿಯರೆಂದು ಸುಡಲ್ಪಟ್ಟವರು ನಿಜಕ್ಕೂ ಕ್ರೈಸ್ತಪೂರ್ವ ಕಾಲದ ಒಂದು ಗುಟ್ಟಿನ ಧರ್ಮದವರು, ಕೊಂಬಿನ ದೇವರನ್ನು ಪೂಜಿಸುತ್ತಿದ್ದರು, ಹದಿಮೂರು ಜನರ ಕೂಟಗಳಲ್ಲಿ ಸೇರುತ್ತಿದ್ದರು ಎಂಬುದು ಅವರ ವಾದ. ಸಮಕಾಲೀನ ಇತಿಹಾಸಕಾರರು ಅದನ್ನು ಆಗಲೇ ಟೀಕಿಸಿದ್ದರು. ಆದರೆ 1929ರಿಂದ ಹಲವು ದಶಕ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಈ ವಿಷಯದ ಲೇಖನ ಬರೆದವರೇ ಮರ್ರೆ. ತಮ್ಮ ವಾದವನ್ನೇ ಸಿದ್ಧ ಸತ್ಯವೆಂಬಂತೆ ಅಲ್ಲಿ ಬರೆದರು. ಸಾಮಾನ್ಯ ಓದುಗ ಅನುಮಾನ ಬಂದಾಗ ತೆರೆದು ನೋಡುತ್ತಿದ್ದ ಪುಸ್ತಕವೇ ಅದು, ಅಲ್ವಾ? ಹಾಗಾಗಿ ವಿದ್ವಾಂಸರು ಒಪ್ಪದ ಮಾತು ಜನರ ನಡುವೆ ನೆಲೆಯೂರಿತು.

ಈ ವಾದವನ್ನು ನಂಬಿದವರಲ್ಲಿ ಜೆರಾಲ್ಡ್ ಗಾರ್ಡ್‌ನರ್ ಒಬ್ಬರು. 1884ರಲ್ಲಿ ಲಿವರ್‌ಪೂಲ್ ಹತ್ತಿರ ಹುಟ್ಟಿದವರು. ವಯಸ್ಸಿನ ಬಹುಭಾಗ ಏಷ್ಯಾದಲ್ಲೇ ಕಳೆದವರು. ಸಿಲೋನಿನಲ್ಲಿ ತೋಟದ ಕೆಲಸ, ಬೋರ್ನಿಯೋ, ಆಮೇಲೆ ಮಲಯಾದಲ್ಲಿ ಸರ್ಕಾರಿ ನೌಕರಿ. ಮಲಯಾದ ಕ್ರಿಸ್ ಎಂಬ ಅಂಕುಡೊಂಕಿನ ಕತ್ತಿಯ ಬಗ್ಗೆ ಪುಸ್ತಕ ಬರೆಯುವಷ್ಟು ಅಲ್ಲಿನ ಆಚರಣೆಗಳಲ್ಲಿ ಆಸಕ್ತಿ. 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ದಕ್ಷಿಣ ಕರಾವಳಿಯಲ್ಲಿ ನ್ಯೂ ಫಾರೆಸ್ಟ್ ಕಾಡಿನ ಸಮೀಪ ನೆಲೆಸಿ, 1939ರಲ್ಲಿ ಅಲ್ಲಿನ ಒಂದು ಗುಟ್ಟಿನ ಕೂಟ ತನಗೆ ದೀಕ್ಷೆ ಕೊಟ್ಟಿತು ಎಂದು ಆಮೇಲೆ ಹೇಳಿಕೊಂಡರು. ಆ ಊರಿನ ಕಡೆ ಆಗ ಗೂಢವಿದ್ಯೆಯ ಒಂದು ಸಂಘವಿತ್ತು. ಅದರಲ್ಲಿದ್ದವರಲ್ಲಿ ಮೇಬಲ್ ಬೆಸೆಂಟ್ ಸ್ಕಾಟ್ ಒಬ್ಬರು. ನಮಗೆ ಹೋಂ ರೂಲ್ ಚಳವಳಿಯಿಂದ ಪರಿಚಿತರಾದ ಆನಿ ಬೆಸೆಂಟರ ಮಗಳು. ಆನಿ ಬೆಸೆಂಟರು ಮುನ್ನಡೆಸಿದ, ಚೆನ್ನೈನ ಅಡ್ಯಾರಿನಲ್ಲಿ ಕೇಂದ್ರವಿದ್ದ ಥಿಯಾಸಫಿ, ಅಂದರೆ ಎಲ್ಲ ಧರ್ಮಗಳೊಳಗಿನ ಗೂಢಜ್ಞಾನ ಹುಡುಕುವ ಪಂಥದ ಗಾಳಿ ಆ ವಲಯಕ್ಕೆ ಚೆನ್ನಾಗಿಯೇ ಬೀಸಿತ್ತು. ಪುನರ್ಜನ್ಮ, ಮಾಡಿದ್ದುಣ್ಣೋ ಎನ್ನುವಂಥ ಕರ್ಮದ ಕಲ್ಪನೆ ವಿಕ್ಕಾದಲ್ಲಿ ಕಾಣುವುದಕ್ಕೆ ಇದೊಂದು ದಾರಿ.

ಗಾರ್ಡ್‌ನರ್ ಸುಮಾರು ವರ್ಷ ಬಾಯಿ ಬಿಡಲಿಲ್ಲ. ಅದಕ್ಕೆ ಕಾನೂನು ಕಾರಣ. ಬ್ರಿಟನ್ನಿನ 1735ರ ಕಾಯ್ದೆ ಪ್ರಕಾರ ತನಗೆ ಮಾಟದ ಶಕ್ತಿ ಇದೆ ಎಂದು ಹೇಳಿಕೊಳ್ಳುವುದೇ ಅಪರಾಧ. 1944ರಲ್ಲೂ ಹೆಲೆನ್ ಡಂಕನ್ ಎಂಬ, ಸತ್ತವರ ಜೊತೆ ಮಾತಾಡಿಸುತ್ತೇನೆ ಎನ್ನುತ್ತಿದ್ದ ಹೆಂಗಸು ಈ ಕಾಯ್ದೆಯಡಿ ಜೈಲು ಸೇರಿದರು. ಇದರಿಂದ ಬೇಸತ್ತ ಪ್ರೇತವಾದಿಗಳು ಒತ್ತಡ ಹಾಕಿದ ಮೇಲೆ 1951ರಲ್ಲಿ ಕಾಯ್ದೆ ರದ್ದಾಯಿತು. 1949ರಲ್ಲಿ ಕಾದಂಬರಿಯ ವೇಷದಲ್ಲಿ ಹೇಳಿದ್ದ ಸಂಗತಿಗಳನ್ನು ಗಾರ್ಡ್‌ನರ್ 1954ರಲ್ಲಿ ನೇರವಾಗಿ ಪುಸ್ತಕ ಮಾಡಿದರು. ವಿಕ್ಕಾ ಬಹಿರಂಗವಾಗಿ ಹುಟ್ಟಿದ್ದು ಹೀಗೆ. 1953ರಲ್ಲಿ ಅವರ ಕೂಟ ಸೇರಿದ ಡೋರೀನ್ ವೇಲಿಯಂಟಿ ಪೂಜಾ ಪಠ್ಯಗಳನ್ನು ತಿದ್ದಿ ಬರೆದರು. ಈವತ್ತೂ ಹೇಳುವ ದೇವಿಯ ವಚನದ ಸೊಗಸು ಬಹುಪಾಲು ಅವರ ಕೈಯದು.

1999ರಲ್ಲಿ ಇತಿಹಾಸಕಾರ ರೊನಾಲ್ಡ್ ಹಟನ್ ಇಡೀ ವಿಷಯವನ್ನು ಕೆದಕಿ ದೊಡ್ಡ ಅಧ್ಯಯನ ಪ್ರಕಟಿಸಿದರು. ಅವರು ತಲುಪಿದ ತೀರ್ಮಾನ: ಪ್ರಾಚೀನ ಕಾಲದಿಂದ ತುಂಡಾಗದೆ ಬಂದ ಗುಟ್ಟಿನ ಧರ್ಮಕ್ಕೆ ಪುರಾವೆ ಇಲ್ಲ. ಹತ್ತೊಂಬತ್ತನೇ ಶತಮಾನದ ಕಾವ್ಯ, ಗೂಢವಿದ್ಯಾ ಸಂಘಗಳ ವಿಧಿಗಳು, ಜಾನಪದ, ಮರ್ರೆಯ ವಾದ ಎಲ್ಲ ಸೇರಿ ಇಂಗ್ಲೆಂಡಿನಲ್ಲೇ ಕಟ್ಟಿದ ಹೊಸ ಧರ್ಮ ಇದು. ಹಟನ್ ಇದನ್ನು ಹಂಗಿಸಿ ಬರೆದವರಲ್ಲ, ಗೌರವದಿಂದಲೇ ಬರೆದವರು. ಕೆಲವು ವಿಕ್ಕನ್ನರು ಸಿಟ್ಟಾದರು. ಬಹಳ ಜನ ನಿಧಾನವಾಗಿ ಒಪ್ಪಿಕೊಂಡರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ವಯಸ್ಸು ಕಡಿಮೆ ಎಂದ ಮಾತ್ರಕ್ಕೆ ಒಂದು ನಂಬಿಕೆ ಪೊಳ್ಳಾಗುವುದಿಲ್ಲ. ಎಲ್ಲ ಧರ್ಮಗಳಿಗೂ ಒಂದು ಎಪ್ಪತ್ತನೇ ವರ್ಷ ಇದ್ದೇ ಇತ್ತು. ತಪ್ಪಿರುವುದು ಇಲ್ಲದ ಪ್ರಾಚೀನತೆಯನ್ನು ಹೇಳಿಕೊಳ್ಳುವುದರಲ್ಲಿ.

ವೃತ್ತದ ಒಳಗೆ

ಒಂದು ಸಾಮಾನ್ಯ ವಿಕ್ಕನ್ ಪೂಜೆ ಎಲ್ಲಿ ನಡೆಯುತ್ತದೆ? ಗುಡಿಯಿಲ್ಲ. ಹೆಚ್ಚಿನ ಸಲ ಯಾರದೋ ಮನೆಯ ಹಾಲ್. ಸೋಫಾ ಗೋಡೆಗೆ ಸರಿಸುತ್ತಾರೆ. ಕಡ್ಡಿ ಪೊರಕೆಯಿಂದ ಜಾಗ ಗುಡಿಸುತ್ತಾರೆ. ಧೂಳು ತೆಗೆಯುವುದಕ್ಕಷ್ಟೇ ಅಲ್ಲ, ಬೇಡದ್ದನ್ನು ಹೊರಗೆ ಹಾಕುವ ಸಂಕೇತವಾಗಿ. ಬಟ್ಟಲಿನ ನೀರಿಗೆ ಉಪ್ಪು ಬೆರೆಸಿ ಸುತ್ತ ಚಿಮುಕಿಸುತ್ತಾರೆ. ಆಮೇಲೆ ಮುಖ್ಯಸ್ಥೆ ಕಪ್ಪು ಹಿಡಿಯ ಒಂದು ಚಾಕು ಹಿಡಿದು, ಗಾಳಿಯಲ್ಲೇ ಗೆರೆ ಎಳೆಯುತ್ತ ಒಂದು ಸುತ್ತು ಬರುತ್ತಾಳೆ. ಗಾರ್ಡ್‌ನರ್ ಪದ್ಧತಿಯಲ್ಲಿ ಈ ವೃತ್ತ ಒಂಬತ್ತು ಅಡಿ ಅಗಲ. ಆ ಚಾಕುವಿಗೆ 'ಅಥೇಮಿ' ಎನ್ನುತ್ತಾರೆ. ಗೆರೆ ಎಳೆಯುವುದು, ದಿಕ್ಕು ತೋರುವುದು ಅದರ ಕೆಲಸ. ಅದರಿಂದ ರಕ್ತ ಹರಿಸುವುದಿಲ್ಲ, ತರಕಾರಿಯನ್ನೂ ಹೆಚ್ಚುವುದಿಲ್ಲ. ವಿಕ್ಕಾದಲ್ಲಿ ಪ್ರಾಣಿಬಲಿ ಇಲ್ಲ.

ನಂತರ ನಾಲ್ಕು ದಿಕ್ಕುಗಳನ್ನು ಕರೆಯುತ್ತಾರೆ. ಪೂರ್ವಕ್ಕೆ ಗಾಳಿ, ಅಲ್ಲಿ ಧೂಪ. ದಕ್ಷಿಣಕ್ಕೆ ಬೆಂಕಿ, ಅಲ್ಲಿ ಮೇಣದಬತ್ತಿ. ಪಶ್ಚಿಮಕ್ಕೆ ನೀರು. ಉತ್ತರಕ್ಕೆ ಭೂಮಿ, ಅಲ್ಲಿ ಕಲ್ಲು ಅಥವಾ ಉಪ್ಪು. ಆಮೇಲೆ ದೇವಿ ಮತ್ತು ದೇವರನ್ನು ಆಹ್ವಾನಿಸುತ್ತಾರೆ. ದೇವಿಗೆ ಚಂದ್ರನ ನಂಟು. ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪ. ದೇವರಿಗೆ ಜಿಂಕೆಯ ಕೊಂಬು, ಕಾಡಿನ ನಂಟು. ಪ್ರಾರ್ಥನೆ, ಧ್ಯಾನ, ಕೆಲವೊಮ್ಮೆ ಹಾಡು ಕುಣಿತ ಮುಗಿದ ಮೇಲೆ ಒಂದು ಬಟ್ಟಲು ವೈನ್ ಅಥವಾ ಹಣ್ಣಿನ ರಸ, ಸಣ್ಣ ಕೇಕ್ ಎಲ್ಲರ ಕೈಗೂ ದಾಟುತ್ತದೆ. ಉಳಿದದ್ದನ್ನು ಹೊರಗೆ ಮಣ್ಣಿಗೆ ಹಾಕುತ್ತಾರೆ. ಕೊನೆಗೆ ಕರೆದವರಿಗೆಲ್ಲ ವಂದಿಸಿ ಬೀಳ್ಕೊಟ್ಟು, ವೃತ್ತವನ್ನು ಬಿಡಿಸುತ್ತಾರೆ.

ನಮಗೆ ಇದನ್ನು ಓದುವಾಗ ದಿಗ್ಬಂಧನ, ಆವಾಹನೆ, ವಿಸರ್ಜನೆ ನೆನಪಾಗುವುದು ಸಹಜ. ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಆದರೆ ಇದರಿಂದ 'ಅವರದೂ ಮೂಲತಃ ನಮ್ಮದೇ' ಎಂದು ಹಾರುವುದು ಬೇಡ. ದಿಕ್ಕು ಕರೆಯುವ ಈ ಕ್ರಮ ಅವರಿಗೆ ಬಂದದ್ದು 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಸಂಘದ ವಿಧಿಗಳ ಕಡೆಯಿಂದ.

ಹಬ್ಬಗಳು ವರ್ಷಕ್ಕೆ ಎಂಟು. ಅತಿ ಉದ್ದದ ಹಗಲು, ಅತಿ ಉದ್ದದ ರಾತ್ರಿ, ಹಗಲು ರಾತ್ರಿ ಸಮವಾಗುವ ಎರಡು ದಿನ, ಇವುಗಳ ನಡುವೆ ಇನ್ನೂ ನಾಲ್ಕು. ಇದನ್ನು 'ವರ್ಷದ ಚಕ್ರ' ಎನ್ನುತ್ತಾರೆ. ನಮ್ಮ ಮಕರ ಸಂಕ್ರಾಂತಿಯೂ ಹುಟ್ಟಿನಲ್ಲಿ ಇಂಥದ್ದೇ ದಿನ. ಭೂಮಿಯ ಅಕ್ಷದ ನಿಧಾನ ತಿರುಗಾಟದಿಂದ ಸಂಕ್ರಾಂತಿ ಜನವರಿ 14ರ ಕಡೆ ಸರಿದಿದೆ, ಉತ್ತರಾಯಣ ಶುರುವಾಗುವುದು ಡಿಸೆಂಬರ್ 21ರ ಹೊತ್ತಿಗೇ. ಅಕ್ಟೋಬರ್ 31ರ ಹಬ್ಬದ ಹೆಸರು 'ಸೌವಿನ್'. ಹ್ಯಾಲೋವೀನ್‌ನ ಗದ್ದಲಕ್ಕೂ ಇದಕ್ಕೂ ದಿನವೊಂದೇ, ಸ್ವಭಾವ ಬೇರೆ. ಸೌವಿನ್ ದಿನ ತೀರಿಕೊಂಡವರನ್ನು ನೆನೆಯುತ್ತಾರೆ. ಕೆಲವು ಮನೆಗಳಲ್ಲಿ ಅವರಿಗಾಗಿ ಒಂದು ತಟ್ಟೆ ಬಡಿಸಿಟ್ಟು ಮಾತಿಲ್ಲದೆ ಊಟ ಮಾಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಆ ತಟ್ಟೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎಂಟು ಹಬ್ಬಗಳ ಈ ಚಕ್ರವೂ ಹೊಸ ಜೋಡಣೆಯೇ. ಬಿಡಿ ಹಬ್ಬಗಳಲ್ಲಿ ಕೆಲವು ಹಳೆಯವು. ಎಂಟನ್ನೂ ಒಂದೇ ಚಕ್ರಕ್ಕೆ ಕೂಡಿಸಿದ್ದು 1950ರ ದಶಕದಲ್ಲಿ. ಎರಡು ಹಬ್ಬಗಳಿಗೆ ಈಗ ಚಾಲ್ತಿಯಲ್ಲಿರುವ 'ಲಿಥಾ', 'ಮೇಬನ್' ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ, ಅಮೆರಿಕದಲ್ಲಿ.

ಸೈತಾನ ಮತ್ತು ಮಂತ್ರ

ಸೈತಾನನ ಪ್ರಶ್ನೆಗೆ ಉತ್ತರ ಚಿಕ್ಕದು. ಸೈತಾನ ಕ್ರೈಸ್ತ ಕಥನದೊಳಗಿನ ಪಾತ್ರ. ಆ ಕಥನವನ್ನೇ ಒಪ್ಪದ ವಿಕ್ಕಾಕ್ಕೆ ಅವನು ಬೇಕಾಗಿಲ್ಲ. ಅಮೆರಿಕದಲ್ಲಿ 1966ರಲ್ಲಿ ಶುರುವಾದ ಚರ್ಚ್ ಆಫ್ ಸೇಟನ್ ಪೂರ್ತಿ ಬೇರೆ ಸಂಸ್ಥೆ. ಗೊಂದಲ ಹುಟ್ಟಿದ್ದು ಎರಡು ಚಿಹ್ನೆಗಳಿಂದ. ವಿಕ್ಕಾದ ದೇವರಿಗೆ ಕೊಂಬಿದೆ, ಕ್ರೈಸ್ತ ಚಿತ್ರಗಳ ಸೈತಾನನಿಗೂ ಕೊಂಬಿದೆ. ವಿಕ್ಕನ್ನರು ಕೊರಳಿಗೆ ಹಾಕುವ ಐದು ಮೂಲೆಯ ನಕ್ಷತ್ರವನ್ನು ಸೈತಾನವಾದಿಗಳು ತಲೆಕೆಳಗು ಮಾಡಿ ಬಳಸುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಸೈತಾನ ಪೂಜಕರು ಮಕ್ಕಳನ್ನು ಹಿಂಸಿಸುತ್ತಾರೆ ಎಂಬ ಹುಯಿಲೆದ್ದಾಗ ಆ ನಕ್ಷತ್ರ ತೊಟ್ಟವರೆಲ್ಲ ಸಂಶಯಕ್ಕೆ ಗುರಿಯಾದರು.

ಮಂತ್ರದ ಪ್ರಶ್ನೆಯನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲು ಆಗುವುದಿಲ್ಲ. ಹೌದು, ಅವರಲ್ಲಿ ಬಹಳ ಜನ ಮಂತ್ರಪ್ರಯೋಗವನ್ನು ನಂಬುತ್ತಾರೆ, ಮಾಡುತ್ತಾರೆ. ಕೆಲಸ ಸಿಗಲಿ, ಕಾಯಿಲೆ ವಾಸಿಯಾಗಲಿ ಎಂದು ಬಣ್ಣದ ಮೇಣದಬತ್ತಿ ಹಚ್ಚುವುದು, ಗಿಡಮೂಲಿಕೆ ಕಟ್ಟಿಡುವುದು. ಕೆಲವರಿಗೆ ಇದು ನಿಜವಾಗಿ ಫಲ ಕೊಡುವ ಶಕ್ತಿ. ಇನ್ನು ಕೆಲವರಿಗೆ ಹರಕೆಯ ಹಾಗೆ, ಮನಸ್ಸು ಗಟ್ಟಿ ಮಾಡಿಕೊಳ್ಳುವ ದಾರಿ. ಇದು ಕಾಯಿಲೆ ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ಹೇಳಲೇಬೇಕು. ಆದರೆ 'ಯಾರಿಗೂ ಕೇಡಾಗದಿದ್ದರೆ ನಿನ್ನ ಇಷ್ಟದಂತೆ ನಡೆ' ಎಂಬುದು ಅವರ ಮುಖ್ಯ ನಿಯಮ. ಮಾಡಿದ್ದು ಮೂರು ಪಟ್ಟಾಗಿ ಮರಳುತ್ತದೆ ಎಂದು ಬಹಳ ಜನ ನಂಬುತ್ತಾರೆ. ಇನ್ನೊಬ್ಬರ ಮನೆ ಹಾಳಾಗಲಿ ಎಂದು ಮಾಡಿಸುವ ನಮ್ಮ ಕಡೆಯ ಮಾಟದ ಕಲ್ಪನೆಗೆ ಈ ನಿಯಮ ನೇರ ವಿರುದ್ಧ. 'ಮಾಟ' ಎಂಬ ಅನುವಾದ ಇಲ್ಲಿ ಪೂರ್ತಿ ಕೈಕೊಡುತ್ತದೆ.

ದುಡ್ಡು ತೆಗೆದುಕೊಂಡು ಆನ್‌ಲೈನ್‌ನಲ್ಲಿ ವಶೀಕರಣ, ಶಾಪ ಮಾರುವವರೂ ಇದ್ದಾರೆ. ತಮ್ಮನ್ನು ವಿಚ್ ಎಂದು ಕರೆದುಕೊಳ್ಳಲು ಯಾರ ಪರವಾನಗಿಯೂ ಬೇಕಿಲ್ಲ. ಹಳೆಯ ಕೂಟಗಳಲ್ಲಿ ದೀಕ್ಷೆಗೆ ಮೊದಲು ಒಂದು ವರ್ಷ ಒಂದು ದಿನ ಕಲಿಯಬೇಕೆಂಬ ರೂಢಿಯಿದೆ. ಟಿಕ್‌ಟಾಕ್ ನೋಡಿ ಒಂದೇ ವಾರದಲ್ಲಿ ವಿಚ್ ಆದವರ ಬಗ್ಗೆ ಆ ಕೂಟದವರಿಗೇ ಅಸಮಾಧಾನ.

ಇದು ಧರ್ಮವೇ? ಸರ್ಕಾರಗಳ ಪೀಕಲಾಟ

ಧರ್ಮಗ್ರಂಥವಿಲ್ಲ, ಗುಡಿಯಿಲ್ಲ, ಒಬ್ಬ ಧರ್ಮಗುರು ಇಲ್ಲ. ಇಂಥದ್ದನ್ನು ಧರ್ಮ ಎನ್ನಬೇಕೋ ಬೇಡವೋ? ಉತ್ತರದ ಮೇಲೆ ಮದುವೆ, ಸಮಾಧಿ, ತೆರಿಗೆ ವಿನಾಯಿತಿ ಎಲ್ಲ ನಿಂತಿದೆ.

ಅಮೆರಿಕದ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದದ್ದು ಜೈಲಿನಿಂದ. ವರ್ಜೀನಿಯಾದ ಕೈದಿಯೊಬ್ಬ ವಿಕ್ಕಾ ಪೂಜೆಗೆ ಸಾಮಾನು ಬೇಕೆಂದು ಕೇಳಿದ. ಪಟ್ಟಿಯಲ್ಲಿ ಇದ್ದದ್ದು ಸಮುದ್ರದ ಉಪ್ಪು ಅಥವಾ ಗಂಧಕ, ಮೇಣದಬತ್ತಿ, ಧೂಪ, ಅಲಾರಂ ಇರುವ ಗಡಿಯಾರ, ಬಿಳಿ ನಿಲುವಂಗಿ. 1986ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎರಡು ಮಾತು ಹೇಳಿತು. ಒಂದು, ಇದು ಧರ್ಮವೇ, ಸಂವಿಧಾನದ ರಕ್ಷಣೆ ಇದಕ್ಕೂ ಇದೆ. ಎರಡು, ಜೈಲಿನ ಭದ್ರತೆಯ ದೃಷ್ಟಿಯಿಂದ ಆ ಸಾಮಾನು ಕೊಡದಿರುವುದು ತಪ್ಪಲ್ಲ. ಕೈದಿಗೆ ಉಪ್ಪು ಸಿಗಲಿಲ್ಲ. ವಿಕ್ಕಾಕ್ಕೆ ಮಾತ್ರ ದೊಡ್ಡ ಗೆಲುವು ಸಿಕ್ಕಿತು.

ಗೆಲುವು ಕಾಗದದ ಮೇಲೆ ಇತ್ತು. 1999ರಲ್ಲಿ ಟೆಕ್ಸಸ್‌ನ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ ವಿಕ್ಕನ್ ಸೈನಿಕರಿಗೆ ಪೂಜೆಗೆ ಅವಕಾಶ ಕೊಟ್ಟದ್ದು ಗೊತ್ತಾದಾಗ ಗಲಾಟೆಯಾಯಿತು. ಆಗ ಅಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಬುಷ್, ಇದು ಧರ್ಮ ಅಂತ ನನಗೆ ಅನಿಸುವುದಿಲ್ಲ ಎಂಬರ್ಥದ ಮಾತಾಡಿದರು. 2005ರಲ್ಲಿ ನೆವಾಡಾದ ಒಬ್ಬ ವಿಕ್ಕನ್ ಸೈನಿಕ ಅಫ್ಘಾನಿಸ್ತಾನದಲ್ಲಿ ಹೆಲಿಕಾಪ್ಟರ್ ಉರುಳಿ ಸತ್ತ. ಅಮೆರಿಕದ ಸೈನಿಕರ ಸಮಾಧಿ ಫಲಕದ ಮೇಲೆ ಅವರ ಧರ್ಮದ ಗುರುತು ಕೆತ್ತುವ ಪದ್ಧತಿಯಿದೆ. ಸರ್ಕಾರ ಒಪ್ಪಿದ ಗುರುತುಗಳ ಪಟ್ಟಿಯಲ್ಲಿ ಶಿಲುಬೆ, ಅರ್ಧಚಂದ್ರ ಮಾತ್ರವಲ್ಲ, ನಾಸ್ತಿಕರ ಗುರುತು ಕೂಡ ಇತ್ತು. ವೃತ್ತದೊಳಗಿನ ನಕ್ಷತ್ರ ಇರಲಿಲ್ಲ. ಸ್ಮಾರಕದ ಗೋಡೆಯಲ್ಲಿ ಅವನ ಜಾಗ ಖಾಲಿಯಾಗಿಯೇ ಉಳಿಯಿತು. ಹೆಂಡತಿ ಕೋರ್ಟಿಗೆ ಹೋದಳು. 2007ರ ಏಪ್ರಿಲ್‌ನಲ್ಲಿ ಸರ್ಕಾರ ರಾಜಿಗೆ ಬಂದು ನಕ್ಷತ್ರವನ್ನು ಪಟ್ಟಿಗೆ ಸೇರಿಸಿತು. ದೇಶಕ್ಕಾಗಿ ಸತ್ತವನ ಹೆಸರಿನ ಪಕ್ಕ ಒಂದು ಗುರುತು ಕೆತ್ತಲು ಒಂದೂವರೆ ವರ್ಷ ಹಿಡಿಯಿತು.

ಬ್ರಿಟನ್ನಿನಲ್ಲಿ ದಾರಿ ಬೇರೆ. 2006ರ ಕಾಯ್ದೆ, ಒಂದಕ್ಕಿಂತ ಹೆಚ್ಚು ದೇವರನ್ನು ನಂಬುವುದೂ ದೇವರನ್ನೇ ನಂಬದಿರುವುದೂ ಧರ್ಮವಾಗಬಹುದು ಎಂದಿತು. ಅದರ ಫಲವಾಗಿ 2010ರಲ್ಲಿ ಡ್ರೂಯಿಡ್ ನೆಟ್‌ವರ್ಕ್ ಎಂಬ ಸಂಸ್ಥೆ ಧಾರ್ಮಿಕ ದತ್ತಿ ಸಂಸ್ಥೆಯಾಗಿ ನೋಂದಣಿ ಪಡೆಯಿತು. ಮದುವೆಯ ವಿಷಯ ಇನ್ನೂ ಎಡವಟ್ಟಾಗಿದೆ. ಪೇಗನ್ ಮದುವೆಯಲ್ಲಿ ಗಂಡು ಹೆಣ್ಣಿನ ಕೈಗಳನ್ನು ಬಣ್ಣದ ದಾರದಿಂದ ಕಟ್ಟುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅನುಮತಿ ಪಡೆದ ಪೇಗನ್ ಪುರೋಹಿತರು ನಡೆಸಿದ ಮದುವೆಗೆ ಕಾನೂನಿನ ಬೆಲೆ ಇದೆ. ಇಂಗ್ಲೆಂಡಿನಲ್ಲಿ ಇಲ್ಲ. ಅಲ್ಲಿ ದಾರ ಕಟ್ಟಿಕೊಂಡವರು ರಿಜಿಸ್ಟರ್ ಮದುವೆಯನ್ನು ಬೇರೆಯೇ ಮಾಡಿಕೊಳ್ಳಬೇಕು.

ಲಿಥುವೇನಿಯಾದ ಕಥೆ ಎಲ್ಲಕ್ಕಿಂತ ಉದ್ದ. ಯುರೋಪಿನಲ್ಲಿ ಕೊನೆಗೆ ಕ್ರೈಸ್ತವಾದ ನಾಡುಗಳಲ್ಲಿ ಅದೂ ಒಂದು. 1387ರಲ್ಲಿ ಅಲ್ಲಿನ ದೊರೆ ಜನರಿಗೆ ದೀಕ್ಷಾಸ್ನಾನ ಮಾಡಿಸಿದ. ಹಳೆಯ ನಂಬಿಕೆಯ ತುಣುಕುಗಳು ಜನಪದ ಹಾಡುಗಳಲ್ಲಿ ಉಳಿದವು. ಸೋವಿಯತ್ ಕಾಲದಲ್ಲಿ, 1967ರಲ್ಲಿ, ಯೋನಾಸ್ ಟ್ರಿಂಕೂನಾಸ್ ಮತ್ತು ಗೆಳೆಯರು ಕೆರ್ನಾವೆ ಎಂಬಲ್ಲಿ ಬೇಸಿಗೆಯ ಹಬ್ಬವನ್ನು ಮತ್ತೆ ಆಚರಿಸಿದರು. ಟ್ರಿಂಕೂನಾಸ್ ಇದಕ್ಕೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಸ್ವಾತಂತ್ರ್ಯದ ನಂತರ ರೋಮುವಾ ನೋಂದಣಿಯಾಯಿತು. ಆದರೆ ಪೂರ್ತಿ ಮಾನ್ಯತೆ ಕೇಳಿದಾಗ 2019ರಲ್ಲಿ ಸಂಸತ್ತು ತಿರಸ್ಕರಿಸಿತು. ಕ್ಯಾಥೊಲಿಕ್ ಬಿಷಪ್‌ಗಳು ವಿರೋಧಿಸಿದ್ದರು. 2021ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಸಂಸತ್ತು ತಾಟಸ್ಥ್ಯ ಬಿಟ್ಟು ತಾರತಮ್ಯ ಮಾಡಿದೆ ಎಂದು ತೀರ್ಪು ಕೊಟ್ಟಿತು. ಆಮೇಲೂ ಮೂರು ವರ್ಷ ಎಳೆದಾಡಿ 2024ರಲ್ಲಿ ಮಾನ್ಯತೆ ಬಂತು. ಇದರಿಂದ ಏನಾಗುತ್ತದೆ? ರೋಮುವಾ ಮದುವೆಗೆ ಕಾನೂನಿನ ಬೆಲೆ ಬರುತ್ತದೆ, ಶಾಲೆಯಲ್ಲಿ ಧರ್ಮ ಪಾಠವಾಗಿ ಕಲಿಸುವ ಹಕ್ಕು ಬರುತ್ತದೆ.

ವಿರೋಧಿಗಳ ವಾದದಲ್ಲಿ ಹುರುಳೇ ಇಲ್ಲ ಎನ್ನುವಂತಿಲ್ಲ. ನಿನ್ನೆ ಮೊನ್ನೆ ಕಟ್ಟಿದ್ದಕ್ಕೆಲ್ಲ ಮಾನ್ಯತೆ ಕೊಟ್ಟರೆ ತೆರಿಗೆ ಉಳಿಸಲು ಯಾರು ಬೇಕಾದರೂ ಧರ್ಮ ಕಟ್ಟಬಹುದು ಎಂಬುದು ಒಂದು ಭಯ. ಅದಕ್ಕೆ ಲೆಕ್ಕಪತ್ರದ ತಪಾಸಣೆ ಇದೆ. ನಂಬಿಕೆ ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಸರ್ಕಾರ ಕೂತರೆ, ನಾಳೆ ಆ ತಕ್ಕಡಿಗೆ ಎಲ್ಲ ಸಣ್ಣ ಧರ್ಮಗಳೂ ಹತ್ತಬೇಕಾಗುತ್ತದೆ.

ಒಳಗಿನ ಬಿರುಕು

ಪೇಗನ್ನರ ನಡುವೆ ಎಲ್ಲ ಸರಿಯಿದೆ ಎಂದಲ್ಲ. ಹೀದನ್ ಗುಂಪುಗಳಲ್ಲಿ ಕೆಲವರು ಓಡಿನ್ ಪೂಜೆ ಬಿಳಿಯರ ರಕ್ತದವರಿಗೆ ಮಾತ್ರ ಎನ್ನುತ್ತಾರೆ. ಈ ಜನಾಂಗವಾದವನ್ನು ವಿರೋಧಿಸಿ 2016ರಲ್ಲಿ ಹಲವು ದೇಶಗಳ ಹೀದನ್ ಸಂಘಟನೆಗಳು 'ಘೋಷಣೆ 127' ಎಂಬ ಹೇಳಿಕೆಗೆ ಸಹಿ ಹಾಕಿದವು. ಕೆಡುಕು 'ಕಂಡರೆ ಸುಮ್ಮನಿರಬೇಡ' ಎನ್ನುವ ಹಳೆಯ ನಾರ್ಸ್ ಪದ್ಯವೊಂದರ ಸಂಖ್ಯೆ 127. ನಮಗೆ ಹತ್ತಿರದ ತಕರಾರು ಇನ್ನೊಂದಿದೆ. ಪಾಶ್ಚಾತ್ಯ ಪೇಗನ್ನರಲ್ಲಿ ಕೆಲವರು ಕಾಳಿಯನ್ನು, ಚಕ್ರಗಳನ್ನು ತಮ್ಮ ಪೂಜೆಗೆ ಎತ್ತಿಕೊಳ್ಳುತ್ತಾರೆ. ಭಾರತದಲ್ಲಿ ಕೆಲವರಿಗೆ ಇದು ಹೆಮ್ಮೆ, ಕೆಲವರಿಗೆ ಕಸಿವಿಸಿ. ಕಾಳಿಯನ್ನು ಅವಳ ಊರು, ಭಾಷೆ, ಭಕ್ತರಿಂದ ಬೇರ್ಪಡಿಸಿ 'ಸ್ತ್ರೀಶಕ್ತಿಯ ಸಂಕೇತ' ಮಾತ್ರ ಮಾಡಿದಾಗ ಆ ಕಸಿವಿಸಿಗೆ ಕಾರಣ ಇದೆ.

ಕ್ಷಮೆ ಕೇಳಿದ್ದು ಯಾರಿಗೆ

ಈಗ ಸ್ಕಾಟ್ಲೆಂಡಿನ ಸುದ್ದಿಗೆ ಬರೋಣ. 1563ರಲ್ಲಿ ಅಲ್ಲಿ ಮಾಟದ ವಿರುದ್ಧ ಕಾಯ್ದೆ ಬಂತು. 1590ರಲ್ಲಿ ದೊರೆ ಆರನೇ ಜೇಮ್ಸ್ ಡೆನ್ಮಾರ್ಕಿನಿಂದ ಹೊಸ ಹೆಂಡತಿಯನ್ನು ಕರೆತರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಅದನ್ನು ಮಾಟಗಾತಿಯರು ಎಬ್ಬಿಸಿದ್ದೆಂದು ದೊರೆಯೇ ನಂಬಿದ. ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಟೆ ನಡೆಯಿತು. ಆರೋಪಕ್ಕೆ ಗುರಿಯಾದವರು ಸುಮಾರು 4,000 ಜನ, ಸತ್ತವರು ಸುಮಾರು 2,500. ಹೆಚ್ಚಿನವರು ಹೆಂಗಸರು. ದಿನಗಟ್ಟಲೆ ನಿದ್ದೆ ಕೆಡಿಸಿ, ಮೈಗೆ ಸೂಜಿ ಚುಚ್ಚಿ 'ಒಪ್ಪಿಗೆ' ಪಡೆಯುತ್ತಿದ್ದರು. ಕುತ್ತಿಗೆ ಬಿಗಿದು ಕೊಂದು ದೇಹ ಸುಡುತ್ತಿದ್ದರು. 2022ರ ಮಾರ್ಚ್ 8ರಂದು, ಮಹಿಳಾ ದಿನದಂದು, ಆಗಿನ ಮುಖ್ಯಮಂತ್ರಿ ನಿಕೋಲಾ ಸ್ಟರ್ಜನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಇವರಿಗೆ.

ಇವರು ವಿಕ್ಕನ್ನರಲ್ಲ. ಇವರು ಪೇಗನ್ನರೂ ಅಲ್ಲ. ಭಾನುವಾರ ಚರ್ಚಿಗೆ ಹೋಗುತ್ತಿದ್ದ ಸಾಧಾರಣ ಕ್ರೈಸ್ತರು. ನೆರೆಮನೆಯ ಹಸು ಸತ್ತಿತು, ಜಗಳದಲ್ಲಿ ಬೈದ ಮಾತು ಫಲಿಸಿತು ಎಂಬಂಥ ಕಾರಣಕ್ಕೆ ಸಿಕ್ಕಿಬಿದ್ದವರು. ಮರ್ರೆಯ ವಾದವನ್ನು ನಂಬಿದ ಹಳೆಯ ತಲೆಮಾರಿನ ವಿಕ್ಕನ್ನರು ಇವರನ್ನು ತಮ್ಮ ಪೂರ್ವಜರೆಂದು ಹೇಳಿದರು. ಯುರೋಪಿನಲ್ಲಿ 90 ಲಕ್ಷ ಜನರನ್ನು ಕೊಂದರು ಎಂಬ ಸಂಖ್ಯೆಯೂ ಆ ವಲಯದಲ್ಲಿ ಓಡಾಡಿತು. ಅದು ಹದಿನೆಂಟನೇ ಶತಮಾನದ ಜರ್ಮನ್ ಲೇಖಕನೊಬ್ಬನ ತಪ್ಪು ಲೆಕ್ಕದಿಂದ ಹುಟ್ಟಿದ್ದು. ಇತಿಹಾಸಕಾರರ ಇಂದಿನ ಅಂದಾಜು 40,000ದಿಂದ 60,000. ಸಂಖ್ಯೆ ಇಳಿದರೆ ಅನ್ಯಾಯ ಇಳಿಯುವುದಿಲ್ಲ. ಆದರೆ ಸತ್ತವರು ನಿಜವಾಗಿ ಮಾಟಗಾತಿಯರೇ ಆಗಿದ್ದರು ಎಂದು ಹೇಳುವುದು, ಎಷ್ಟೇ ಪ್ರೀತಿಯಿಂದ ಹೇಳಿದರೂ, ಅವರ ಮೇಲಿನ ಸುಳ್ಳು ಆರೋಪವನ್ನು ಒಪ್ಪಿದ ಹಾಗೆಯೇ ಆಗುತ್ತದೆ.

ನಮ್ಮ ದೇಶದ ಸಂಗತಿ ಸುಳ್ಳು ಆರೋಪಕ್ಕೆ ಸತ್ತ ಇವರ ಕಥೆಗೆ ಹತ್ತಿರ, ವಿಕ್ಕಾಕ್ಕಲ್ಲ. 2025ರ ಜುಲೈನಲ್ಲಿ ಬಿಹಾರದ ಪೂರ್ಣಿಯಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಾಟದ ಆರೋಪ ಹೊರಿಸಿ ಒಂದೇ ಮನೆಯ ಐದು ಜನರನ್ನು ಕೊಂದರು. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸಗಢ 2005ರಲ್ಲಿ ಇಂಥದ್ದನ್ನು ತಡೆಯಲೆಂದೇ ಕಾಯ್ದೆ ತಂದವು. ಆಮೇಲೆ ಒಡಿಶಾ, ರಾಜಸ್ಥಾನ, ಅಸ್ಸಾಂ. ಕರ್ನಾಟಕದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಅದು ನಿಷೇಧಿಸುವುದು ಪಟ್ಟಿ ಮಾಡಿದ ಅಮಾನವೀಯ ಆಚರಣೆಗಳನ್ನು ಮಾತ್ರ, ಪೂಜೆ, ಯಾತ್ರೆ, ಭಜನೆಗಳನ್ನಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಯಾರಾದರೂ ಹುಣ್ಣಿಮೆಗೆ ವೃತ್ತ ಎಳೆದು ಮೇಣದಬತ್ತಿ ಹಚ್ಚಿದರೆ ಅಷ್ಟಕ್ಕೇ ಅದು ಅಪರಾಧವಾಗುವುದಿಲ್ಲ. ಕಲಬುರಗಿ, ಬೀದರ ಕಡೆ ಬಾನಾಮತಿ ಮಾಡಿದ್ದಾರೆಂದು ಯಾರನ್ನಾದರೂ ಕಟ್ಟಿ ಹೊಡೆದರೆ ಅದು ಅಪರಾಧ.

ಜಾರ್ಖಂಡಿನ ಕಾಯ್ದೆಯಲ್ಲಿ ಒಂದು ಸಾಲಿದೆ. ಹೆಂಗಸೊಬ್ಬಳನ್ನು ಬೆರಳು ಮಾಡಿ 'ಡಾಯನ್' (ಮಾಟಗಾತಿ) ಎಂದರೆ ಸಾಕು, ಹೊಡೆಯಬೇಕಿಲ್ಲ, ಮೂರು ತಿಂಗಳವರೆಗೆ ಜೈಲಾಗಬಹುದು. ಶಿಕ್ಷೆ ಕಡಿಮೆಯಾಯಿತು ಎಂಬ ಟೀಕೆ ಸರಿಯಾದದ್ದೇ. ಆದರೆ ಆ ಹೆಸರಿಡುವುದೇ ಹಿಂಸೆಯ ಮೊದಲ ಹೆಜ್ಜೆ ಎಂದು ಕಾಯ್ದೆ ಗುರುತಿಸಿತು. ಆ ರಾಜ್ಯದ ಛುಟ್ನಿ ಮಹತೋ ಅವರನ್ನು 1995ರಲ್ಲಿ ಊರಿನವರು ಡಾಯನ್ ಎಂದು ಕರೆದು ಹಿಂಸಿಸಿ ಮನೆ ಬಿಡಿಸಿದ್ದರು. ಆಮೇಲೆ ಅವರು ತಮ್ಮಂತೆಯೇ ಆ ಹೆಸರು ಹೊತ್ತ ಹೆಂಗಸರನ್ನು ಹುಡುಕಿಕೊಂಡು ಹೋಗಿ ಆಸರೆ ಕೊಡತೊಡಗಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅಸ್ಸಾಮಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಬೀರುಬಾಲಾ ರಾಭಾ ಅವರಿಗೂ ಬಂತು. ಇಬ್ಬರ ಬಗ್ಗೆ ಬಂದ ಸುದ್ದಿಗಳಲ್ಲೂ, ಸೌವಿನ್ ಹಬ್ಬದ ಸುದ್ದಿಗಳಲ್ಲೂ ನಾವು ಬಳಸುವ ಕನ್ನಡ ಪದ ಒಂದೇ. ವಿಕ್ಕಾದವರನ್ನು ವಿಕ್ಕನ್ ಎಂದೇ ಬರೆಯಬಹುದು, ಅದು ಅವರೇ ಆರಿಸಿಕೊಂಡ ಹೆಸರು. ಛುಟ್ನಿಯಂಥವರ ಬಗ್ಗೆ ಬರೆಯುವಾಗ 'ಮಾಟದ ಆರೋಪಕ್ಕೆ ಗುರಿಯಾದವರು' ಎಂದು ಬರೆಯಬಹುದು. ಎರಡು ಪದ ಜಾಸ್ತಿಯಾಗುತ್ತದೆ, ಅಷ್ಟೇ.